ಒಡೆಯ ಬದಲಾದ, ಗುತ್ತಿಗೆ ಉಳಿಯಿತು

ಬಾಳೆಲೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ



ಆಹ್ವಾನ ಪತ್ರಿಕೆಯಲ್ಲಿ ವಿಷಯ ನೋಡಿ ಕೆಲವರು ಹುಬ್ಬೇರಿಸಿರಬಹುದು. ಗಣಿ ಎಂದರೆ ಬಳ್ಳಾರಿ, ಇಲ್ಲವೇ ಕೋಲಾರ. ಭತ್ತ, ಕಾಫಿ, ಆನೆ ಕಾಟ ಇಷ್ಟರಲ್ಲೇ ವರ್ಷ ಕಳೆಯುವ ಬಾಳೆಲೆಯಲ್ಲಿ ಗಣಿ ಗುತ್ತಿಗೆಯ ಮಾತೇಕೆ? ನನ್ನ ಉತ್ತರ ಇಷ್ಟೇ. ಜಮೀನಿನ ಹಕ್ಕನ್ನು ಪದರ ಪದರವಾಗಿ ಬಿಡಿಸಿ ನೋಡುವ ರೂಢಿ ಕೊಡಗಿನವರಿಗೆ ಇದ್ದಷ್ಟು ಬೇರೆಯವರಿಗೆ ಇಲ್ಲ. ಗದ್ದೆಗೆ ಒಂದು ಲೆಕ್ಕ, ಅದಕ್ಕೆ ಅಂಟಿಕೊಂಡ ಬಾಣೆಗೆ ಇನ್ನೊಂದು, ಬಾಣೆಯ ಮೇಲೆ ನಿಂತ ಮರಕ್ಕೆ ಮತ್ತೊಂದು. ಮೈಸೂರು ಕಡೆಯ ರೈತನಿಗೆ ಇದನ್ನು ವಿವರಿಸುವಷ್ಟರಲ್ಲಿ ಸಂಜೆಯಾಗುತ್ತದೆ. ನಿಮಗೆ ವಿವರಿಸಬೇಕಾಗಿಲ್ಲ. ಹಾಗಾಗಿ ನಾನು ನೇರವಾಗಿ ಮರದ ಕೆಳಗಿನ ಮಣ್ಣು, ಮಣ್ಣಿನ ಕೆಳಗಿನ ಕಲ್ಲು ಇವುಗಳಿಗೆ ಬರುತ್ತೇನೆ.

ನಿಮ್ಮ ಯಾವುದಾದರೂ ಪಹಣಿಯನ್ನು ತೆಗೆದು ನೋಡಿ. ಎಡಗಡೆಯಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ. ಅದರ ಕೆಳಗೆ ಫೂಟ್ ಖರಾಬ್ ‘ಎ’, ಫೂಟ್ ಖರಾಬ್ ‘ಬಿ’ ಎಂದು ಎರಡು ಸಾಲು, ಅವೆರಡನ್ನೂ ಕಳೆದು ಉಳಿಕೆ. ಬಂಡೆ, ಹಳ್ಳ, ಕೊರಕಲು, ಹೀಗೆ ಉಳುಮೆಗೆ ಒಗ್ಗದ ಭಾಗವನ್ನು ಅಳತೆಯವರು ‘ಎ’ ಖರಾಬಿಗೆ ಹಾಕುತ್ತಾರೆ. ಕಾಲುದಾರಿ, ತೋಡು, ಸ್ಮಶಾನ ಇಂಥ ಸಾರ್ವಜನಿಕ ಬಳಕೆಯವು ‘ಬಿ’ ಖರಾಬಿಗೆ ಹೋಗುತ್ತವೆ. ಕಂದಾಯ ನಿಲ್ಲುವುದು ಉಳಿಕೆಯ ಮೇಲೆ. ಅಂದರೆ ಸರ್ಕಾರದ ಕಣ್ಣಿನಲ್ಲಿ ನಿಮ್ಮ ಹೊಲದ ನಡುವಿನ ಬಂಡೆ ಕಂದಾಯಕ್ಕೆ ಬಾರದ, ಬೆಲೆಯಿಲ್ಲದ ಜಾಗ. ಅದೇ ಬಂಡೆಗೆ ಜೆಸಿಬಿ ಬಂದು ಕ್ರಷರ್ ಕೂತಿತೆಂದರೆ ಟನ್ನಿನ ಲೆಕ್ಕದಲ್ಲಿ ರಾಜಧನ, ಲಾರಿಗೊಂದು ಪರ್ಮಿಟ್, ದಂಡದ ನೋಟೀಸು. ಬೆಲೆಯಿಲ್ಲದ ಜಾಗಕ್ಕೆ ಇಷ್ಟು ಬೆಲೆ ಎಲ್ಲಿಂದ ಬಂತು ಎಂದರೆ, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 70ನೇ ಕಲಮಿನಿಂದ. ಹಿಂದಿನ ಕಾನೂನಿನಲ್ಲಾಗಲಿ ಸರ್ಕಾರವೇ ಬರೆದುಕೊಟ್ಟ ದಾಖಲೆಯಲ್ಲಾಗಲಿ ಬೇರೆ ರೀತಿ ಹೇಳಿರದಿದ್ದರೆ, ಗಣಿ ಮತ್ತು ಖನಿಜದ ಹಕ್ಕು ಸಂಪೂರ್ಣವಾಗಿ ರಾಜ್ಯ ಸರ್ಕಾರದ್ದು ಎಂದು ಆ ಕಲಮು ಹೇಳುತ್ತದೆ.

ಬಾಣೆಯ ಮರದ ವಿಚಾರದಲ್ಲಿ ನಿಮಗೊಂದು ದಾರಿಯಿತ್ತು. ಮರದ ಬೆಲೆ ಕಟ್ಟಿದರೆ ಬಾಣೆ ‘ರಿಡೀಮ್ಡ್’, ಕಟ್ಟದಿದ್ದರೆ ‘ಅನ್‌ರಿಡೀಮ್ಡ್’. ಬೆಲೆ ಕಟ್ಟಿ ಮರವನ್ನು ಬಿಡಿಸಿಕೊಳ್ಳಬಹುದು. ಕಲ್ಲಿಗೆ ಆ ದಾರಿಯೇ ಇಲ್ಲ. ಎಷ್ಟು ತಲೆಮಾರು ಜಮ್ಮಾ, ಅಂದರೆ ವಂಶಪಾರಂಪರ್ಯದ ಹಿಡುವಳಿ, ಹಿಡಿದಿದ್ದರೂ, ಎಷ್ಟು ಹಣ ಕಟ್ಟುತ್ತೇನೆಂದರೂ ಅದನ್ನು ಬಿಡಿಸಿಕೊಳ್ಳಲಾಗದು. 1899ರ ಕೊಡಗು ಭೂ ಕಂದಾಯ ರೆಗ್ಯುಲೇಶನ್ ಬಾಣೆಯನ್ನು ಗದ್ದೆಯ ಸೇವೆಗೆ ಕೊಟ್ಟ ಜಾಗವೆಂದೇ ಕಂಡಿತು. ದನ ಮೇಯಿಸಲು, ಸೊಪ್ಪು ತರಲು, ಸೌದೆಗೆ, ಮನೆಗೆ ಬೇಕಾದ ಮರಕ್ಕೆ. ಅಲ್ಲಿ ಕಲ್ಲಿನ ಮಾತೇ ಇಲ್ಲ. 1993ರಲ್ಲಿ ಹೈಕೋರ್ಟಿನ ಪೂರ್ಣಪೀಠ ಬಾಣೆ ಹಿಡುವಳಿದಾರನಿಗೆ ಇರುವುದು ಸವಲತ್ತು ಮಾತ್ರ, ಮಾಲೀಕತ್ವವಲ್ಲ ಎಂದಾಗ ಜಿಲ್ಲೆಯಲ್ಲಿ ಎಷ್ಟು ಗದ್ದಲವಾಯಿತೆಂದು ಹಿರಿಯರಿಗೆ ನೆನಪಿರುತ್ತದೆ. ಅದನ್ನು ಸರಿಪಡಿಸಲೆಂದು 2011ರಲ್ಲಿ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತರಲಾಯಿತು. ಆ ತಿದ್ದುಪಡಿಯ ಹೋರಾಟದಲ್ಲಿ ಮರದ ಬಗ್ಗೆ, ಮಾರಾಟದ ಬಗ್ಗೆ, ಒಕ್ಕದ, ಅಂದರೆ ಕುಲಮನೆಯ, ಹೆಸರುಗಳ ಬಗ್ಗೆ ಮಾತು ನಡೆಯಿತು. 70ನೇ ಕಲಮು ಇದ್ದ ಹಾಗೇ ಉಳಿಯಿತು.

ಈಗ ಮೂಲ ಪ್ರಶ್ನೆಗೆ ಬರೋಣ. ಭೂಸುಧಾರಣೆ ಬಂದಾಗ, ಅದಕ್ಕೂ ಮೊದಲೇ ಬರೆದುಕೊಟ್ಟಿದ್ದ ಗಣಿ ಗುತ್ತಿಗೆಗಳು ಏನಾದವು? ಜಮೀನ್ದಾರನೊಬ್ಬ ಕಂಪನಿಗೆ ಮೂವತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟು ವರ್ಷವರ್ಷ ರಾಜಧನ ಪಡೆಯುತ್ತಿದ್ದಾನೆ. ಕಾನೂನು ಬಂದು ಜಮೀನ್ದಾರಿಯನ್ನು ಕಿತ್ತುಹಾಕಿತು. ಕಂಪನಿ ಎದ್ದು ಹೋಗಬೇಕೇ? ರಾಜಧನ ಯಾರಿಗೆ? ಹಳೆಯ ದರವೋ ಹೊಸದೋ?

ಇದು ಸ್ಪಷ್ಟವಾಗಿ ಇತ್ಯರ್ಥವಾದದ್ದು ಬಿಹಾರದಲ್ಲಿ. ಕಲ್ಲಿದ್ದಲು, ಅಭ್ರಕ, ಕಟ್ಟಡದ ಕಲ್ಲು ಎಲ್ಲವೂ ಜಮೀನ್ದಾರರ ಎಸ್ಟೇಟುಗಳಲ್ಲಿದ್ದ ನಾಡು ಅದು. 1950ರ ಬಿಹಾರ ಭೂಸುಧಾರಣಾ ಕಾಯ್ದೆಯನ್ನು ಪಟ್ನಾ ಹೈಕೋರ್ಟ್ 1951ರ ಮಾರ್ಚಿನಲ್ಲಿ ರದ್ದುಮಾಡಿತು. ಕೆಲವೇ ತಿಂಗಳಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು ಒಂಬತ್ತನೇ ಅನುಸೂಚಿ ಹುಟ್ಟಿತು. ಆ ಪಟ್ಟಿಯ ಮೊದಲ ಹೆಸರೇ ಈ ಬಿಹಾರ ಕಾಯ್ದೆ. 1952ರಲ್ಲಿ ದರ್ಭಂಗದ ಕಾಮೇಶ್ವರ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಇಷ್ಟು ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಆ ಕಾಯ್ದೆಯ 9 ಮತ್ತು 10ನೇ ಕಲಮುಗಳ ಕಡೆಗೆ ಮಾತ್ರ ಯಾರೂ ಅಷ್ಟಾಗಿ ನೋಡುವುದಿಲ್ಲ. ನನಗೆ ಬೇಕಾದದ್ದು ಅವೇ.

10ನೇ ಕಲಮಿನ ಪ್ರಕಾರ, ಎಸ್ಟೇಟು ಸರ್ಕಾರದ ವಶಕ್ಕೆ ಬಂದ ದಿನ ಜಾರಿಯಲ್ಲಿದ್ದ ಗಣಿ ಗುತ್ತಿಗೆ ಬಿದ್ದುಹೋಗುವುದಿಲ್ಲ. ಅದನ್ನು ಅಂದಿನಿಂದ ಸರ್ಕಾರವೇ ಕೊಟ್ಟ ಗುತ್ತಿಗೆ ಎಂದು ಭಾವಿಸಬೇಕು. ಉಳಿದ ಅವಧಿಗೆ ಅದೇ ಷರತ್ತು ಮುಂದುವರಿಯುತ್ತದೆ, ಜಮೀನ್ದಾರ ಕೂರುತ್ತಿದ್ದ ಕುರ್ಚಿಯಲ್ಲಿ ಸರ್ಕಾರ ಬಂದು ಕೂರುತ್ತದೆ. 9ನೇ ಕಲಮು ಇನ್ನೂ ಸೊಗಸಾದದ್ದು. ಜಮೀನ್ದಾರ ತಾನೇ ಗಣಿ ನಡೆಸುತ್ತಿದ್ದರೆ, ಅದನ್ನು ಸರ್ಕಾರ ಅವನಿಗೇ ಗುತ್ತಿಗೆ ಕೊಟ್ಟಿದೆ ಎಂದು ಭಾವಿಸಬೇಕಂತೆ! ನಿನ್ನೆಯವರೆಗೆ ಒಡೆಯ, ಇಂದು ಗುತ್ತಿಗೆದಾರ. ಗಣಿ ಅದೇ, ಕೂಲಿಯವರೂ ಅವರೇ. ಕೈತಪ್ಪಿದ ರಾಜಧನಕ್ಕೆ ಪ್ರತ್ಯೇಕ ಲೆಕ್ಕದಲ್ಲಿ ಪರಿಹಾರವೂ ಸಿಕ್ಕಿತು.

ಈ ವ್ಯವಸ್ಥೆಯಲ್ಲಿ ಕಂಪನಿಗೆ ಅಭಯವಿದೆ, ಜಮೀನ್ದಾರನಿಗೆ ಪರಿಹಾರವಿದೆ, ಸರ್ಕಾರಕ್ಕೆ ರಾಜಧನವಿದೆ. ಆ ಗಣಿಯ ಅಂಚಿನಲ್ಲಿ ಗೇಣಿಗೆ ಉಳುತ್ತಿದ್ದವನ ಹೆಸರು ಈ ಕಲಮುಗಳಲ್ಲಿ ಎಲ್ಲೂ ಇಲ್ಲ. ಭೂಸುಧಾರಣೆ ಯಾರಿಗಾಗಿ ಬಂತೋ ಅವನಿಗೆ ದಕ್ಕಿದ್ದು ನೇಗಿಲು ಮುಟ್ಟುವಷ್ಟು ಆಳ. ಅದಕ್ಕಿಂತ ಕೆಳಗಿನದರ ಬಗ್ಗೆ ಯಾರೂ ಅವನನ್ನು ಕೇಳಲಿಲ್ಲ, ಅವನ ಪರವಾಗಿ ಭಾಷಣ ಮಾಡಿದವರಿಗೂ ಅದು ಹೊಳೆಯಲಿಲ್ಲ. ಖನಿಜ ರಾಷ್ಟ್ರದ ಸೊತ್ತಾಗಬೇಕೆಂಬ ಆ ಕಾಲದ ನಂಬಿಕೆಯನ್ನು ನಾನು ಹಳಿಯುತ್ತಿಲ್ಲ. ಒಬ್ಬ ರೈತನ ಹೊಲದ ಕೆಳಗೆ ಕಲ್ಲಿದ್ದಲು ಸಿಕ್ಕಿತೆಂದು ಅವನೊಬ್ಬನೇ ಕುಬೇರನಾಗುವುದು ನ್ಯಾಯವೆಂದೂ ನನಗೆ ಅನ್ನಿಸುವುದಿಲ್ಲ. ಆದರೆ ಮೇಲ್ಮೈ ಹಿಡಿದವನು ಗಣಿಯ ಧೂಳು ಕುಡಿಯುವವನೂ ಹೌದು. ಅವನಿಗೊಂದು ಪಾಲು ಬರೆಯಲು ಆಗ ಅವಕಾಶವಿತ್ತು. ಬರೆಯಲಿಲ್ಲ.

ಬಿಹಾರದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹಳೆಯ ಷರತ್ತುಗಳೇ ಮುಂದುವರಿದವು ಎಂದೆನಲ್ಲ, ಅದೇ ಸರ್ಕಾರಕ್ಕೆ ಉರುಳಾಯಿತು. ಜಮೀನ್ದಾರರು ತಮ್ಮವರಿಗೆ ಅಗ್ಗದ ದರದಲ್ಲಿ ದೀರ್ಘಾವಧಿ ಗುತ್ತಿಗೆ ಬರೆದುಕೊಟ್ಟಿದ್ದರು. ಕಟ್ಟಡ ಕಲ್ಲಿನ ಗುತ್ತಿಗೆಗಳ ರಾಜಧನ ಏರಿಸಲು ಬಿಹಾರ 1964ರಲ್ಲಿ ತನ್ನ ಭೂಸುಧಾರಣಾ ಕಾಯ್ದೆಯನ್ನೇ ತಿದ್ದಿತು. ಬೈಜನಾಥ ಕಡಿಯೋ ಎಂಬ ಗುತ್ತಿಗೆದಾರರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1969ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಭೂಮಿ ರಾಜ್ಯದ ವಿಷಯ, ನಿಜ. ಆದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯ ಮೂಲಕ ಸಂಸತ್ತು ಖನಿಜದ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆ, ಭೂಸುಧಾರಣೆಯ ಹೆಸರಿನಲ್ಲಿ ರಾಜ್ಯ ಗಣಿ ಗುತ್ತಿಗೆಯ ಷರತ್ತು ಬದಲಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಬಿಹಾರ ಅಷ್ಟರಲ್ಲಿ ವಸೂಲಿ ಮಾಡಿದ್ದ ಹಣವನ್ನು ಉಳಿಸಲು ಸಂಸತ್ತೇ ಅದೇ ವರ್ಷ ಒಂದು ಸಿಂಧುತ್ವ ಕಾಯ್ದೆ ಮಾಡಬೇಕಾಯಿತು.

ಪ್ರಮುಖ ಖನಿಜಗಳ ಹಳೆಯ ಗುತ್ತಿಗೆಗಳಿಗೆ 1957ರ ಕಾಯ್ದೆಯಲ್ಲೇ ಮದ್ದಿತ್ತು. ಅದರ 9ನೇ ಕಲಮು ಓದಿ ನೋಡಿ. ಗುತ್ತಿಗೆ ಪತ್ರದಲ್ಲಿ ಏನೇ ಬರೆದಿರಲಿ, ಹಿಂದಿನ ಕಾನೂನು ಏನೇ ಹೇಳಿರಲಿ, ರಾಜಧನ ಕಟ್ಟಬೇಕಾದದ್ದು ಎರಡನೇ ಅನುಸೂಚಿಯ ದರದಲ್ಲಿ. 16ನೇ ಕಲಮು 1949ರ ಅಕ್ಟೋಬರ್ 25ಕ್ಕೂ ಮೊದಲಿನ ಗುತ್ತಿಗೆಗಳನ್ನು ಹೊಸ ಚೌಕಟ್ಟಿಗೆ ತರಲು ಅಧಿಕಾರ ಕೊಟ್ಟಿತು. ಒಟ್ಟಿನಲ್ಲಿ, ಭೂಸುಧಾರಣೆ ಗುತ್ತಿಗೆಯನ್ನು ಕಾಪಾಡಿ ರಾಜಧನ ಪಡೆಯುವ ಕೈ ಬದಲಿಸಿತು, ಗಣಿ ಕಾಯ್ದೆ ಆ ಕೈಗೆ ಬೀಳುವ ಮೊತ್ತ ಬದಲಿಸಿತು. ಈ ಎರಡನ್ನೂ ಒಂದೇ ಎಂದು ತಿಳಿದು ಮಾತಾಡುವ ವಕೀಲರನ್ನೂ ನಾನು ಕಂಡಿದ್ದೇನೆ.

ಬಿಹಾರ ದೂರವಾಯಿತು. ನಮ್ಮ ರಾಜ್ಯದಲ್ಲೇ ಇದಕ್ಕೆ ಸಮನಾದದ್ದು ಸಂಡೂರು. ಘೋರ್ಪಡೆ ಮನೆತನದ ಆ ಪುಟ್ಟ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಬೆಲ್ಜಿಯಂ ಮೂಲದ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಮ್ಯಾಂಗನೀಸ್ ಅದಿರಿಗೆ ಗುತ್ತಿಗೆ ಪಡೆದಿತ್ತು. ಗುತ್ತಿಗೆ ಕೊಟ್ಟವರು ರಾಜರು, ರಾಜಧನ ಸೇರುತ್ತಿದ್ದದ್ದು ಸಂಸ್ಥಾನದ ಖಜಾನೆಗೆ. 1949ರಲ್ಲಿ ಸಂಸ್ಥಾನ ಮದ್ರಾಸಿನಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ತಾಲ್ಲೂಕುಗಳೊಂದಿಗೆ ಮೈಸೂರಿಗೆ ಬಂತು. ಗುತ್ತಿಗೆ ಕೊಡುವ ಅಧಿಕಾರ ರಾಜರಿಂದ ಮದ್ರಾಸಿಗೆ, ಮದ್ರಾಸಿನಿಂದ ಮೈಸೂರಿಗೆ ಬಂದಂತಾಯಿತು. 1954ರಲ್ಲಿ ಸ್ಥಾಪನೆಯಾದ ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಅದೇ ರಾಜಮನೆತನದ್ದು. ಇಪ್ಪತ್ತು ವರ್ಷಕ್ಕೆ ಗುತ್ತಿಗೆ ಸಿಕ್ಕಿತು. ಗುತ್ತಿಗೆ ಕೊಡುತ್ತಿದ್ದ ಮನೆ ಗುತ್ತಿಗೆ ಪಡೆಯುವ ಮನೆಯಾಯಿತು. ಬಿಹಾರದ 9ನೇ ಕಲಮು ಕಾನೂನಿನ ಕಲ್ಪನೆಯಿಂದ ಮಾಡಿದ್ದು ಸಂಡೂರಿನಲ್ಲಿ ಕಂಪನಿ ಕಾಯ್ದೆಯ ಮೂಲಕ ಆಯಿತು ಎನ್ನಬಹುದು.

ಆ ಇಪ್ಪತ್ತು ವರ್ಷ ಮುಗಿದದ್ದು 1973ರ ಕೊನೆಗೆ. ಅದೇ 1973ರಲ್ಲಿ ಸಂಡೂರಿನಲ್ಲಿ ಸಮಾಜವಾದಿಗಳ ಭೂ ಹೋರಾಟ ನಡೆಯಿತು. ಕುಮಾರಸ್ವಾಮಿ ದೇವಸ್ಥಾನದ ಇನಾಂ ಜಮೀನು ಉಳುತ್ತಿದ್ದವರಿಗೆ ಸೇರಬೇಕೆಂಬ ಬೇಡಿಕೆ. ಜಾರ್ಜ್ ಫರ್ನಾಂಡಿಸ್ ಬಂದರು, ಸತ್ಯಾಗ್ರಹಿಗಳು ಜೈಲು ತುಂಬಿದರು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು ಸಂಡೂರಿನ ಎಂ.ವೈ. ಘೋರ್ಪಡೆ. ಉಳುವವನೇ ಒಡೆಯ ಎಂದು ಹೇಳಹೊರಟ ಸರ್ಕಾರಕ್ಕೆ ಅದು ಮುಜುಗರದ ಗಳಿಗೆ. ನನ್ನ ಆಸಕ್ತಿ ಇರುವುದು ಮುಜುಗರದಲ್ಲಲ್ಲ. ಬೀದಿಯಲ್ಲಿ ನಡೆದ ಹೋರಾಟ ಮೇಲಿನ ಮಣ್ಣಿಗಾಗಿ, ಗದ್ದೆ ಹೊಲಕ್ಕಾಗಿ. ಕೆಳಗಿನ ಅದಿರಿನ ಗುತ್ತಿಗೆ ಕಚೇರಿಯ ಕಡತದಲ್ಲಿ, ವಿಸ್ತೀರ್ಣ ಕಡಿಮೆಯಾಗಿ, ನವೀಕರಣಗೊಂಡಿತು. ಒಂದೇ ಊರು, ಒಂದೇ ವರ್ಷ. ಎರಡೂ ಒಂದನ್ನೊಂದು ಮುಟ್ಟಲಿಲ್ಲ. ಮುಂದೆ ಅದೇ ಗುಡ್ಡಗಳ ಕಬ್ಬಿಣದ ಅದಿರು ಚೀನಾಕ್ಕೆ ಹೋಗುವ ಕಾಲದಲ್ಲಿ, 2009ರ ತನಕ, ರಾಜಧನ ಟನ್ನಿಗೆ 27 ರೂಪಾಯಿ ದಾಟಿರಲಿಲ್ಲ. ಅದಿರು ಮಾರಾಟವಾಗುತ್ತಿದ್ದದ್ದು ಸಾವಿರಗಳ ಲೆಕ್ಕದಲ್ಲಿ. ದರ ನಿಗದಿ ದೆಹಲಿಯದು, ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಬಾರಿ ಏರಿಸುವಂತಿಲ್ಲ ಎಂಬ ನಿಯಮ ಬೇರೆ.

ಇನಾಂಗಳ ಮಾತು ಬಂದದ್ದರಿಂದ ಒಂದು ವಿಷಯ. 1954ರ ಮೈಸೂರು ಇನಾಂ ರದ್ದತಿ ಕಾಯ್ದೆಯ 3ನೇ ಕಲಮಿನಲ್ಲಿ ಸರ್ಕಾರಕ್ಕೆ ಸೇರಿದ್ದರ ಪಟ್ಟಿ ಇದೆ. ಸಾಗುವಳಿ ಜಮೀನು, ಗೋಮಾಳ, ಕಾಡು, ಕೆರೆ; ಅವುಗಳ ಸಾಲಿನಲ್ಲೇ ಗಣಿ, ಖನಿಜ, ಕಲ್ಲು ಕ್ವಾರಿ. ಗೇಣಿದಾರ ಅರ್ಜಿ ಹಾಕಿ ಜಮೀನು ನೋಂದಾಯಿಸಿಕೊಳ್ಳಬಹುದಿತ್ತು. ಗಣಿಗೆ ಅರ್ಜಿಯ ನಮೂನೆ ಇರಲಿಲ್ಲ.

ಕೊಡಗಿಗೆ ನೇರವಾಗಿ ತಟ್ಟಿದ್ದು 1974ರ ಮಾರ್ಚ್ 1. ಕರ್ನಾಟಕ ಭೂಸುಧಾರಣಾ ಕಾಯ್ದೆಯ 44ನೇ ಕಲಮಿನಂತೆ ಅಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ಫಾರಂ 7 ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ಸಾಲು ನಿಂತರು. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ತೋಟಗಳಿಗೆ 104ನೇ ಕಲಮಿನಲ್ಲಿ ಮಿತಿಯಿಂದ ವಿನಾಯಿತಿ ಇತ್ತು. ಹಾಗಾಗಿ ಇಲ್ಲಿ ಕೈಬದಲಾದದ್ದು ಬಹುಮಟ್ಟಿಗೆ ಗದ್ದೆ, ತೋಟಗಳು ಉಳಿದವು. ಹೀಗೆ ಗದ್ದೆ ಪಡೆದವನಿಗೆ 61ನೇ ಕಲಮು ಹದಿನೈದು ವರ್ಷ ಪರಭಾರೆ ಮಾಡಬಾರದೆಂದಿತು. ಕೃಷಿ ಜಮೀನನ್ನು ಗೇಣಿಗೆ ಕೊಡುವುದೂ ನಿಷೇಧ. ನದಿ ದಂಡೆಯ ಗದ್ದೆಯವನ ಮನೆಗೆ ಮರಳಿನವರೋ ಕಲ್ಲಿನವರೋ ಬಂದು ದುಡ್ಡು ತೋರಿಸಿದರೆ ಅವನ ಕೈಯಲ್ಲಿ ಕಾನೂನುಬದ್ಧವಾಗಿ ಕೊಡಲು ಏನೂ ಇರಲಿಲ್ಲ. ಭೂಸುಧಾರಣೆಯ ಉದ್ದೇಶ ಬೇಸಾಯವಾದ್ದರಿಂದ ಇದು ಸರಿಯೇ. ಆದರೆ ತೋಟದವನ ವಿನಾಯಿತಿಯೂ ಬೇಸಾಯಕ್ಕೆಂದೇ ಕೊಟ್ಟದ್ದು. ಕಾಫಿ ಕಿತ್ತು ಕ್ವಾರಿ ಮಾಡಿದ ಜಾಗಕ್ಕೆ ಆ ವಿನಾಯಿತಿ ಯಾವ ನ್ಯಾಯದಲ್ಲಿ ಮುಂದುವರಿಯಬೇಕು? 2018ರ ಆಗಸ್ಟಿನ ಗುಡ್ಡ ಕುಸಿತ ಕಂಡ ಮೇಲೂ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವವರು ಕಡಿಮೆ.

ಈಗ ಬಾಳೆಲೆಯಿಂದ ಕಾನೂರಿನ ಮೇಲೆ ಕುಟ್ಟಕ್ಕೆ ಹೋಗಿ, ಗಡಿ ದಾಟಿ ತೋಲ್ಪೆಟ್ಟಿಯಲ್ಲಿ ನಿಲ್ಲಿ. ಕಾಡು ಅದೇ, ಕಾಫಿ ಅದೇ, ಬಂಡೆಯೂ ಅದೇ. ಆದರೆ ವಯನಾಡು ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತದ ಮಲಬಾರ್ ಜಿಲ್ಲೆಯ ಭಾಗ, ಕೊಡಗು ಪ್ರತ್ಯೇಕ ಚೀಫ್ ಕಮಿಷನರರ ಪ್ರಾಂತ. 2013ರ ಜುಲೈ 8ರಂದು ಸುಪ್ರೀಂ ಕೋರ್ಟ್ ಮಲಬಾರಿನ ಜನ್ಮಂ ಜಮೀನುಗಳ ಬಗ್ಗೆ ಒಂದು ತೀರ್ಪು ಕೊಟ್ಟಿತು. ಥ್ರೆಸಿಯಮ್ಮ ಜೇಕಬ್ ಪ್ರಕರಣ ಎಂದು ಹೆಸರು. ಮಲಬಾರಿನ ಜನ್ಮಿಗಳು ನೆಲದ ಪೂರ್ಣ ಒಡೆಯರಾಗಿದ್ದರು. ಬ್ರಿಟಿಷರು ರೈತವಾರಿ ಪಟ್ಟಾ ಮಾಡಿದಾಗ ಆ ಒಡೆತನ ಅಳಿಯಲಿಲ್ಲ. ಅಂಥ ಜಮೀನಿನ ಕೆಳಗಿನ ಖನಿಜದ ಮೇಲೆ ಸರ್ಕಾರ ತನ್ನ ಹಕ್ಕು ಸಾಧಿಸುವುದಿಲ್ಲ ಎಂದು ಮದ್ರಾಸ್ ರೆವಿನ್ಯೂ ಬೋರ್ಡಿನ ಸ್ಥಾಯಿ ಆದೇಶವೇ ಒಪ್ಪಿಕೊಂಡಿತ್ತು ಎಂದು ಪೀಠ ಹೇಳಿತು. ಕಾನೂನಿನ ಮೂಲಕ ಕಿತ್ತುಕೊಳ್ಳದ ಹೊರತು ಕೆಳಗಿನದು ಮೇಲಿನವನದೇ ಎಂಬುದು ನಿರ್ಣಯ. ರಾಜಧನ ಕಟ್ಟಬೇಕೇ ಬೇಡವೇ ಎಂಬುದನ್ನು ಆ ಪೀಠ ಮುಟ್ಟಲಿಲ್ಲ. ಅದು ದೊಡ್ಡ ಪೀಠದ ಮುಂದಿತ್ತು.

ಕುಟ್ಟದ ಆಚೆ ಜನ್ಮಂ ನೆಲದವನು ತನ್ನ ಕಲ್ಲಿನ ಒಡೆಯ ಎಂದು ವಾದಿಸಬಹುದು, ಈಚೆಯ ಜಮ್ಮಾ ಹಿಡುವಳಿದಾರನಿಗೆ ಆ ಬಾಯಿಯೇ ಇಲ್ಲ. ಕೇರಳ ಭೂಸುಧಾರಣೆಯಲ್ಲಿ ನಮಗಿಂತ ಮುಂದೆ ಹೋದ ರಾಜ್ಯ. 1970ರ ಜನವರಿ 1ರಂದೇ ಜನ್ಮಿ ಪದ್ಧತಿಗೆ ಅಲ್ಲಿ ತೆರೆ ಬಿತ್ತು. ಆದರೂ ಜನ್ಮಂ ಹಕ್ಕಿನ ಬೇರು ಕಲ್ಲಿನೊಳಗೆ ಉಳಿದುಕೊಂಡಿದೆ. ನಮ್ಮ 70ನೇ ಕಲಮಿನಂಥ ನೇರ ವಾಕ್ಯ ಮಲಬಾರಿಗೆ ಇರಲಿಲ್ಲ ಎಂಬುದೇ ಇದಕ್ಕೆ ಕಾರಣ. ಭೂಸುಧಾರಣೆ ಎಷ್ಟು ತೀವ್ರವಾಗಿತ್ತು ಎಂಬುದರಿಂದ ಖನಿಜದ ಹಕ್ಕು ತೀರ್ಮಾನವಾಗುವುದಿಲ್ಲ. ಕಂದಾಯ ಕಾಯ್ದೆಯಲ್ಲಿ ಯಾರೋ ಗುಮಾಸ್ತ ಸೇರಿಸಿದ, ಯಾರೂ ಚರ್ಚಿಸದ ಒಂದು ಸಾಲಿನಿಂದ ಆಗುತ್ತದೆ.

ಆ ದೊಡ್ಡ ಪೀಠ 2024ರ ಜುಲೈ 25ರಂದು ಮಾತಾಡಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ರಾಜಧನ ತೆರಿಗೆಯಲ್ಲ, ಗುತ್ತಿಗೆ ಕೊಟ್ಟವನಿಗೆ ಪಡೆದವನು ತೆರುವ ಪ್ರತಿಫಲ ಎಂದರು. ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರೇ ಭಿನ್ನಮತ ಬರೆದು, ಅದು ತೆರಿಗೆಯ ಸ್ವರೂಪದ್ದೇ ಎಂದರು. ಬಹುಮತದ ತೀರ್ಪಿನಿಂದ ಖನಿಜವಿರುವ ಭೂಮಿಯ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಸಿಕ್ಕಿತು. ಆಗಸ್ಟ್ 14ರ ಆದೇಶದಲ್ಲಿ 2005ರ ಏಪ್ರಿಲ್ 1ರಿಂದ ಈಚಿನ ಬಾಕಿಯನ್ನು, 2026ರ ಏಪ್ರಿಲ್‌ನಿಂದ ಹನ್ನೆರಡು ವರ್ಷಗಳ ಕಂತಿನಲ್ಲಿ, ವಸೂಲಿ ಮಾಡಬಹುದೆಂದು ಹೇಳಲಾಯಿತು. ಅದೇ ಡಿಸೆಂಬರಿನಲ್ಲಿ ನಮ್ಮ ವಿಧಾನಮಂಡಲ ಖನಿಜ ಹಕ್ಕು ಮತ್ತು ಖನಿಜಭರಿತ ಭೂಮಿ ತೆರಿಗೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ರಾಜಧನ ಪ್ರತಿಫಲವಾದರೆ ಮತ್ತೆ ಹಳೆಯ ಪ್ರಶ್ನೆಗೇ ಬಂದೆವು: ಒಡೆಯ ಯಾರು? ಕರ್ನಾಟಕದ ಮಟ್ಟಿಗೆ ಉತ್ತರ 1964ರಲ್ಲೇ ಬರೆದಾಗಿದೆ.

ಹಾಗಿದ್ದರೆ ಪಹಣಿ ಹಿಡಿದವನಿಗೆ ಉಳಿದಿರುವುದೇನು? ಎರಡು. ಒಂದು, ಒಪ್ಪಿಗೆ. 1994ರ ಉಪಖನಿಜ ನಿಯಮಗಳ ಪ್ರಕಾರ ಪಟ್ಟಾ ಜಮೀನಿನಲ್ಲಿ ಕಲ್ಲು ತೆಗೆಯಲು ಜಮೀನಿನವನೇ ಅರ್ಜಿ ಹಾಕಬೇಕು, ಇಲ್ಲವೇ ಅವನ ಒಪ್ಪಿಗೆ ಪಡೆದವನು ಹಾಕಬೇಕು. ಕಲ್ಲು ಅವನದಲ್ಲ, ಬಾಗಿಲು ಅವನದು. ಎರಡು, ಪರಿಹಾರ. ಪ್ರಮುಖ ಖನಿಜವಾದರೆ ಒಪ್ಪಿಗೆಯ ಮಾತು ಸಡಿಲವಾಗಿ, 1957ರ ಕಾಯ್ದೆಯ 24ಎ ಕಲಮಿನಂತೆ ಮೇಲ್ಮೈ ಹಾನಿಗೆ ಗುತ್ತಿಗೆದಾರ ಪರಿಹಾರ ಕೊಡಬೇಕಾಗುತ್ತದೆ. ಕೊಡಗಿನಲ್ಲಿ ಒಂದು ತೊಡಕು ಹೆಚ್ಚು. ಪಹಣಿಯಲ್ಲಿ ಪಟ್ಟೇದಾರನ ಹೆಸರಿನ ಜೊತೆ ಒಕ್ಕದ ಹತ್ತಾರು ಹೆಸರುಗಳು. ಒಬ್ಬ ಸಹಿ ಹಾಕಿದ ಒಪ್ಪಿಗೆ ಪತ್ರ ಉಳಿದವರ ಬಾಣೆಯ ಮೇಲೂ ಕೂತುಬಿಡುತ್ತದೆ. ಸಹಿ ಹಾಕುವ ಮೊದಲು ಅವಧಿ ಎಷ್ಟು, ನವೀಕರಣಕ್ಕೆ ಮತ್ತೆ ಒಪ್ಪಿಗೆ ಬೇಕೇ, ಲಾರಿ ಓಡುವ ದಾರಿ ಯಾರ ಜಾಗದಲ್ಲಿ, ಹಳ್ಳದ ನೀರಿಗೆ ಮಣ್ಣು ಬಿದ್ದರೆ ಯಾರ ಹೊಣೆ, ಗುಂಡಿ ಮುಚ್ಚುವವರು ಯಾರು ಎಂದು ಬರೆಸಿಕೊಳ್ಳಿ. ಭಾಗಮಂಡಲ ಕಡೆಯ ನಿಶಾನಿಮೊಟ್ಟೆಯ ಹರಳುಕಲ್ಲಿನ ದಂಧೆಯಂಥ ಕಡೆ ಈ ಯಾವ ಕಾಗದವೂ ಇರುವುದಿಲ್ಲ, ಅದು ಪೊಲೀಸರ ವಿಷಯ.

ಇನ್ನು ಅದೇ 1957ರ ಕಾಯ್ದೆಯ 2015ರ ತಿದ್ದುಪಡಿ ತಂದ ಜಿಲ್ಲಾ ಖನಿಜ ಪ್ರತಿಷ್ಠಾನ. ಪ್ರಮುಖ ಖನಿಜಗಳಲ್ಲಿ, 2015ರ ಜನವರಿ 12ಕ್ಕೂ ಮೊದಲಿನ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು, ಆಮೇಲೆ ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಅದಕ್ಕೆ ಕಟ್ಟಬೇಕು. ಹಳೆಯ ಗುತ್ತಿಗೆ ಹರಾಜಿಲ್ಲದೆ ಸಿಕ್ಕಿದ್ದು, ಹಾಗಾಗಿ ಅದರ ಮೇಲೆ ಹೊರೆ ಹೆಚ್ಚು. ಎಪ್ಪತ್ತು ವರ್ಷದಲ್ಲಿ ಗಣಿ ಬಾಧಿತರ ಹೆಸರು ಕಾನೂನಿನಲ್ಲಿ ಸ್ಪಷ್ಟವಾಗಿ ಬಂದದ್ದು ಇಲ್ಲಿ. ಅಲ್ಲೂ ಹಣ ಹೋಗುವುದು ಬಾಧಿತ ಪ್ರದೇಶಕ್ಕೆ, ಅಂದರೆ ರಸ್ತೆಗೆ, ಶಾಲೆಯ ಕಟ್ಟಡಕ್ಕೆ, ಆಸ್ಪತ್ರೆಗೆ. ಪಹಣಿಯ ಒಂಬತ್ತನೇ ಕಾಲಮಿನಲ್ಲಿ ಹೆಸರಿರುವವನಿಗೆ ವೈಯಕ್ತಿಕವಾಗಿ ರಾಜಧನದ ಒಂದು ಭಾಗ ಕೊಡುವ ಏರ್ಪಾಡನ್ನು, ಅದು ಶೇ. 5 ಆಗಿದ್ದರೂ ಸರಿ, ರಾಜ್ಯ ತನ್ನ ಉಪಖನಿಜ ನಿಯಮಗಳಲ್ಲಿ ತರಬಹುದು. ಉಪಖನಿಜದ ನಿಯಮ ಮಾಡುವ ಅಧಿಕಾರ 15ನೇ ಕಲಮಿನಡಿ ರಾಜ್ಯದ್ದೇ, ದೆಹಲಿಯನ್ನು ಕೇಳಬೇಕಾಗಿಲ್ಲ. ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮ ಶಾಸಕರನ್ನು ಕಂಡಾಗ ಜಮ್ಮಾ, ಬಾಣೆ, ಆನೆ ಕಂದಕ ಇವುಗಳ ಮನವಿಯ ಜೊತೆ ಇದನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ.